"ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ"

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ 21 ವರ್ಷ ಆಯ್ತು. ಮೇಲಿನ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಡಾಕ್ಟರು ಡಿಸ್ಚಾರ್ಜ್ ಚೀಟಿ ಬರೆದು ಮುಂದಿನ ಬೆಡ್ಡಿಗೆ ಹೋಗುತ್ತಾರೆ. ಚೀಟಿ ಕೈಗಿಡೋದು ನಾವು. "ಸಿಸ್ಟರಮ್ಮ, ಮನೇಲಿ ಏನು ಮಾಡ್ಬೇಕು?" ಅಂತ ಕೇಳುತ್ತಾರೆ. "ಚೆನ್ನಾಗಿ ನೋಡ್ಕೊಳ್ಳಿ, ತಿನ್ನೋಕೆ ಕೇಳಿದ್ದು ಕೊಡಿ" ಅನ್ನುತ್ತೇವೆ. ಚೆನ್ನಾಗಿ ನೋಡಿಕೊಳ್ಳೋದು ಅಂದ್ರೆ ಹೇಗೆ ಅಂತ ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ದೊಡ್ಡಪ್ಪನಿಗೆ ಕೆನ್ನೆ ಕ್ಯಾನ್ಸರ್ ಆದಾಗ ಇದೇ ಮಾತನ್ನು ಇನ್ನೊಬ್ಬ ನರ್ಸ್ ನನಗೆ ಹೇಳಿದಳು. ಕೌಂಟರಿನ ಆ ಕಡೆ ನಿಂತಾಗಲೇ ಅದು ಎಂಥಾ ಖಾಲಿ ಮಾತು ಅಂತ ಗೊತ್ತಾಗಿದ್ದು.

ದೊಡ್ಡಪ್ಪಂದು ನಲವತ್ತು ವರ್ಷದ ಎಲೆಅಡಿಕೆ, ಹೊಗೆಸೊಪ್ಪು. ಬೆಂಗಳೂರಲ್ಲಿ ರೇಡಿಯೇಷನ್ ಆಯ್ತು. ಎಂಟು ತಿಂಗಳಿಗೆ ಮತ್ತೆ ಬಂತು. ಈ ಸಲ ಕೆನ್ನೆ ತೂತಾಗಿ ಗಾಯ ಹೊರಕ್ಕೆ ಬಾಯಿ ಬಿಟ್ಟಿತು. ನೋವಿನ ಮಾತು ಆಮೇಲೆ. ಮೊದಲು ವಾಸನೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಗಿಗೆ ಹೊಡೆಯುತ್ತಿತ್ತು. ಒಂದು ದಿನ ಹೋಗಿ ನೋಡಿದರೆ ಮಂಚ ಕೊಟ್ಟಿಗೆಯಲ್ಲಿತ್ತು, ಎತ್ತುಗಳ ಪಕ್ಕ. "ಒಳಗೆ ಸೆಕೆ ಕಣವ್ವ, ಇಲ್ಲಿ ಗಾಳಿ ಬರುತ್ತೆ" ಅಂದರು. ಸಂಕ್ರಾಂತಿ ಚಳಿಯಲ್ಲಿ ಸೆಕೆ! ಮೊಮ್ಮಗ ಹತ್ತಿರ ಬರುವುದನ್ನು ಬಿಟ್ಟಿದ್ದ. ಅದಕ್ಕೇ ಅವರು ಕೊಟ್ಟಿಗೆಗೆ ಹೋಗಿದ್ದು.

ನನ್ನ ಜೊತೆ ಓದಿದವಳೊಬ್ಬಳು ಪ್ಯಾಲಿಯೇಟಿವ್ ಕೇರ್, ಅಂದ್ರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡೋ ಆರೈಕೆಯ ತರಬೇತಿ ಮುಗಿಸಿ ಬಂದಿದ್ದಳು. ಫೋನಲ್ಲಿ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ. "ನಿಮ್ಮ ಫಾರ್ಮಸೀಲಿ ಮೆಟ್ರೋನಿಡಜೋಲ್ ಇದ್ಯಲ್ವಾ? ಅದನ್ನ ಪುಡಿ ಮಾಡಿ ಗಾಯಕ್ಕೆ ಉದುರಿಸು" ಅಂದಳು. ಭೇದಿಗೆ ಕೊಡೋ ಮಾತ್ರೆ! ದಿನಾ ಡಬ್ಬಿಗಟ್ಟಲೆ ಕೊಡುತ್ತೇವೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದೆವು. ಪುಡಿ ಉದುರಿಸಿದೆವು. ಹಳೇ ಪಂಚೆ ಒಗೆದು, ಕುದಿಸಿ, ಬಿಸಿಲಲ್ಲಿ ಒಣಗಿಸಿ ಪಟ್ಟಿ ಮಾಡಿದೆವು. ನಾಲ್ಕೈದು ದಿನಕ್ಕೆ ವಾಸನೆ ಅರ್ಧಕ್ಕರ್ಧ ಇಳಿಯಿತು. ಎರಡನೇ ವಾರ ಮಂಚ ಜಗಲಿಗೆ ಬಂತು. (ಇದು ಎಲ್ಲಾ ಗಾಯಕ್ಕೂ ಅಲ್ಲ. ಡಾಕ್ಟರನ್ನು ಕೇಳದೆ ಯಾರೂ ಮಾಡಬೇಡಿ.)

ಖುಷಿಗಿಂತ ಜಾಸ್ತಿ ನನಗೆ ನಾಚಿಕೆಯಾಗಿತ್ತು. 21 ವರ್ಷದಲ್ಲಿ ಅಂಥಾ ಗಾಯ ಎಷ್ಟು ನೋಡಿದ್ದೆ! ಮಾತ್ರೆ ನನ್ನ ಹಿಂದಿನ ಶೆಲ್ಫಲ್ಲೇ ಇತ್ತು.

ಇನ್ನು ನೋವು. ಕ್ಯಾನ್ಸರ್ ನೋವಿಗೆ ಪ್ಯಾರಸಿಟಮಾಲಿನಿಂದ ಶುರು ಮಾಡಿ, ನೋವು ತಗ್ಗದಿದ್ದರೆ ಮಾರ್ಫಿನ್ (ಅಫೀಮಿನಿಂದ ಮಾಡೋ ಬಲವಾದ ನೋವಿನ ಔಷಧ) ತನಕ ಹೋಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ನಮ್ಮ ತಾಲೂಕಿನಲ್ಲಿ ಆ ಮಾತ್ರೆ ಸಿಗಲಿಲ್ಲ. ಜಿಲ್ಲೆಯಲ್ಲೂ ಸಿಗಲಿಲ್ಲ. ದೊಡ್ಡಪ್ಪನ ಮಗ ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಮಾತ್ರೆಯ ಬೆಲೆಗಿಂತ ಜಾಸ್ತಿ.

ಇದೆಂಥ ವಿಚಿತ್ರ ನೋಡಿ. ಮಾರ್ಫಿನ್ ಮಾಡೋ ಅಫೀಮನ್ನು ನಮ್ಮ ದೇಶದಲ್ಲೇ, ಮಧ್ಯಪ್ರದೇಶ, ರಾಜಸ್ಥಾನದ ರೈತರು ಸರ್ಕಾರದ ಲೈಸೆನ್ಸ್ ತಗೊಂಡು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜೀಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಹೊರದೇಶಕ್ಕೂ ಕಳಿಸುತ್ತೇವೆ. ನಮ್ಮೂರ ಜಗಲಿಗೆ ಮಾತ್ರ ಬರಲ್ಲ. 1985ರಲ್ಲಿ ಮಾದಕ ವಸ್ತುಗಳ ಕಾನೂನು ಬಂತು. ಕಳ್ಳಸಾಗಣೆ ಮಾಡೋರು ಹೆದರಿದರೋ ಇಲ್ವೋ, ಆಸ್ಪತ್ರೆಗಳು ಹೆದರಿದವು. ಹತ್ತು ಹನ್ನೆರಡು ವರ್ಷದಲ್ಲಿ ದೇಶದ ಮಾರ್ಫಿನ್ ಬಳಕೆ ನೂರಕ್ಕೆ 90ಕ್ಕಿಂತ ಜಾಸ್ತಿ ಕುಸಿಯಿತು. ಜೀವನದಲ್ಲಿ ಒಂದು ಸಲವೂ ಮಾರ್ಫಿನ್ ಚೀಟಿ ಬರೆಯದೆ ರಿಟೈರ್ ಆದ ಡಾಕ್ಟರುಗಳನ್ನು ನಾನೇ ನೋಡಿದ್ದೇನೆ. 2014ರಲ್ಲಿ ಕಾನೂನು ತಿದ್ದಿದರು. ಆಸ್ಪತ್ರೆ ಮಾರ್ಫಿನ್ ಇಡೋಕೆ ನಾಲ್ಕೈದು ಲೈಸೆನ್ಸಿನ ಬದಲು ರಾಜ್ಯದ ಔಷಧ ನಿಯಂತ್ರಣದವರ ಒಂದು ಅನುಮತಿ ಸಾಕು. ತರಬೇತಿ ಆದ ಡಾಕ್ಟರು ಒಬ್ಬರು ಇರಬೇಕು, ರಿಜಿಸ್ಟರ್ ಇಡಬೇಕು, ಲೆಕ್ಕ ಕೊಡಬೇಕು. ಅಷ್ಟೇ. ಕಾನೂನು ಸಡಿಲವಾಗಿ ಹತ್ತು ವರ್ಷದ ಮೇಲಾಯ್ತು, ಭಯ ಇನ್ನೂ ಸಡಿಲವಾಗಿಲ್ಲ.

ಭಯ ಆಸ್ಪತ್ರೆಯವರಿಗೆ ಮಾತ್ರ ಅಲ್ಲ. ದೊಡ್ಡಮ್ಮ ಆ ಮಾತ್ರೆಗಳನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. "ಅದು ಶುರುವಾದ್ರೆ ಮನುಷ್ಯ ಮುಗೀತು ಅಂತಾರಲ್ಲವ್ವ" ಅಂದರು. ಅವರನ್ನು ಪಕ್ಕ ಕೂರಿಸಿಕೊಂಡು ಹೇಳಬೇಕಾಯ್ತು: ನಾಲ್ಕು ಗಂಟೆಗೊಮ್ಮೆ ಕೊಡಬೇಕು, ನೋವು ಬರಲಿ ಅಂತ ಕಾಯಬಾರದು, ಮಲಬದ್ಧತೆ ಆಗೇ ಆಗುತ್ತೆ, ಅದಕ್ಕೂ ಮಾತ್ರೆ ಜೊತೆಗೇ ಕೊಡಬೇಕು. ಈ ಕೊನೆಯದನ್ನು ಬರೆಯದೆ ಕಳಿಸಿದರೆ ರೋಗಿ ಹೊಟ್ಟೆ ಕಟ್ಟಿಕೊಂಡು ಮಾರ್ಫಿನ್ನನ್ನೇ ಬಿಟ್ಟುಬಿಡುತ್ತಾನೆ. ಅರ್ಧ ಗಂಟೆಯ ಮಾತು. ಆ ಅರ್ಧ ಗಂಟೆ ಯಾವ ಓಪಿಡಿಯಲ್ಲೂ ಇಲ್ಲ.

"ಇರೋ ರೋಗಿಗಳಿಗೇ ಹಾಸಿಗೆ ಇಲ್ಲ, ಸಾಯೋರಿಗೆ ಎಲ್ಲಿಂದ ತರೋಣ?" ಅಂತ ನಮ್ಮವರೇ ಕೇಳುತ್ತಾರೆ. ನಾನು ಹೇಳೋದು, ಅವರು ಆಗಲೇ ನಮ್ಮ ಹಾಸಿಗೆಯಲ್ಲಿದ್ದಾರೆ. ರಾತ್ರಿ ಎರಡು ಗಂಟೆಗೆ 108ರಲ್ಲಿ ಬರುತ್ತಾರೆ. ಡ್ರಿಪ್ ಹಾಕುತ್ತೇವೆ, ಆಕ್ಸಿಜನ್ ಹಾಕುತ್ತೇವೆ, ಬೆಳಿಗ್ಗೆ ಜಿಲ್ಲಾಸ್ಪತ್ರೆಗೆ ರೆಫರ್ ಮಾಡುತ್ತೇವೆ. ವಾರಕ್ಕೆ ವಾಪಸ್. ಕ್ಯಾನ್ಸರಿನವರು ಮಾತ್ರ ಅಲ್ಲ. ಬೀಡಿ ಸೇದಿ ಶ್ವಾಸಕೋಶ ಹಾಳಾದ ಅಜ್ಜಂದಿರು, ಡಯಾಲಿಸಿಸ್ಸಿಗೆ ದುಡ್ಡಿಲ್ಲದೆ ನಿಲ್ಲಿಸಿದವರು, ಲಕ್ವ ಹೊಡೆದು ಬೆನ್ನು ಹುಣ್ಣಾದವರು. ಇವರಿಗೆಲ್ಲ ಹೊಸ ಕಟ್ಟಡ ಬೇಡ. ಓಪಿಡಿಯಲ್ಲಿ ವಾರಕ್ಕೆ ಎರಡು ದಿನ ಒಂದು ಮೇಜು, ತರಬೇತಿ ಆದ ಒಬ್ಬ ನರ್ಸ್, ಮನೆಯವರಿಗೆ ಒಂದು ಫೋನ್ ನಂಬರು, ಆಶಾ ಕಾರ್ಯಕರ್ತೆ ಜೊತೆ ಮನೆಗೆ ಹೋಗೋಕೆ ಜೀಪು, ಮಾತ್ರೆಗೆ ಒಂದು ಬೀರು. ಕಾಯಿಲೆ ಗೊತ್ತಾದ ವಾರವೇ ಆ ಮೇಜಿಗೆ ಕಳಿಸಿದರೆ ಕೊನೆಗೆ ಗಾಬರಿ ಇರಲ್ಲ. ಮತ್ತೆ ದಯವಿಟ್ಟು ಅದರ ಮುಂದೆ 'ಉಪಶಾಮಕ ಆರೈಕೆ ಘಟಕ' ಅಂತ ಬೋರ್ಡ್ ಹಾಕಬೇಡಿ. 'ನೋವಿನ ರೂಮು' ಅನ್ನಿ, ಜನ ತಾವೇ ಬರುತ್ತಾರೆ.

ಕೇರಳ ನೋಡಿ ಅಂತ ಎಲ್ಲರೂ ಹೇಳುತ್ತಾರೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಯವರು ಈ ಆರೈಕೆಯನ್ನು ಚಿಕ್ಕದಾಗಿ ಶುರು ಮಾಡಿದ್ದು, 2008ರ ಹೊತ್ತಿಗೆ ಸರ್ಕಾರದ ನೀತಿಯೇ ಆಯ್ತು. ಈಗ ಪಂಚಾಯಿತಿ ಲೆಕ್ಕದಲ್ಲಿ ನರ್ಸ್ ಮನೆಗೆ ಹೋಗುತ್ತಾಳೆ. ಒಳ್ಳೇದೇ. ಆದರೆ ಊರೂರಲ್ಲಿ ಸ್ವಯಂಸೇವಕರು ಬೆಳೆಯೋಕೆ ಅಲ್ಲಿ ವರ್ಷಗಟ್ಟಲೆ ಹಿಡಿಯಿತು. ಅಲ್ಲೀತನಕ ನಾವು ಕಾಯಬೇಕಾ? ನನಗೆ ಹೊಟ್ಟೆಕಿಚ್ಚು ಬರೋದು ಉಗಾಂಡ ನೋಡಿ. ನಮಗಿಂತ ಬಡ ದೇಶ. ಮಾರ್ಫಿನ್ ಪುಡಿಯನ್ನು ನೀರಲ್ಲಿ ಕಲಸಿ ಬಾಟಲಿಗೆ ತುಂಬಿ ಕೊಡುತ್ತಾರೆ. 2004ರಿಂದ ಅಲ್ಲಿ ತರಬೇತಿ ಪಡೆದ ನರ್ಸುಗಳೇ ಮಾರ್ಫಿನ್ ಬರೆಯಬಹುದು. ನಮ್ಮಲ್ಲಿ ತರಬೇತಿ ಮುಗಿಸಿ ಬಂದ ನರ್ಸನ್ನು ಮರುದಿನವೇ ಹೆರಿಗೆ ವಾರ್ಡಿಗೆ ಹಾಕುತ್ತಾರೆ. ನನ್ನ ಗೆಳತಿಗೂ ಅದೇ ಆಗಿದ್ದು.

2025ರ ಜನವರಿಯಲ್ಲಿ ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ನಮ್ಮ ರಾಜ್ಯ ಆದೇಶ ಹೊರಡಿಸಿದಾಗ ಟೀವಿಯಲ್ಲಿ ಏನು ಚರ್ಚೆ! ವೆಂಟಿಲೇಟರ್ ತೆಗೆಯಬಹುದಾ, ಇಂಥ ಚಿಕಿತ್ಸೆ ತನಗೆ ಬೇಡ ಅಂತ ಮುಂಚೇನೇ ಬರೆದಿಡಬಹುದಾ ಅಂತ. ಆದೇಶ ಒಳ್ಳೇದು, ನಾನೇನೂ ವಿರೋಧಿ ಅಲ್ಲ. ಆದರೆ ನಮ್ಮ ತಾಲೂಕಿನವರು ವೆಂಟಿಲೇಟರ್ ತನಕ ಹೋಗೋದೇ ಅಪರೂಪ. ಅವರಿಗೆ ಬೇಕಾಗಿರೋದು ರಾತ್ರಿ ನಿದ್ದೆ.

ದೊಡ್ಡಪ್ಪ ಕೊನೆಯ ಎರಡು ತಿಂಗಳು ಜಗಲಿಯಲ್ಲೇ ಇದ್ದರು. ರಾಗಿ ಅಂಬಲಿ ಕುಡಿಯುತ್ತಾ ಹೋಗೋಬರೋರನ್ನೆಲ್ಲ ಕೊಬ್ಬರಿ ರೇಟು ಕೇಳುತ್ತಿದ್ದರು. ಮೊಮ್ಮಗ ಕಾಲ ಹತ್ತಿರ ಕೂತು ಮಗ್ಗಿ ಹೇಳುತ್ತಿದ್ದ.

ನಮ್ಮ ಆಸ್ಪತ್ರೆಗೆ ಈಗ ಬಂದಿರೋ ಡಾಕ್ಟರು ತರಬೇತಿ ಪಡೆದವರು. ಮಾರ್ಫಿನ್ನಿಗೆ ಅರ್ಜಿ ಹಾಕಿದ್ದಾರೆ. ಹೋದ ತಿಂಗಳು ಎರಡು ಬೀಗದ ಕಬ್ಬಿಣದ ಬೀರು ಬಂತು, ಒಂದು ಕೀ ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಮಾತ್ರೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಅದರಲ್ಲಿ ಹಳೇ ಓಪಿಡಿ ಚೀಟಿಗಳನ್ನು ಇಟ್ಟಿದ್ದೇವೆ, ಇಲಿ ಕಡಿಯದಿರಲಿ ಅಂತ.