ಅರಿಶಿನ ಬಳಿದ ಕ್ಷಮಾಪತ್ರ

ವಿಡಿಯೊ ಗೇಮ್ ಕಂಪನಿಗಳು ತಯಾರಿಸುವ ಸರಕುಗಳಲ್ಲಿ ಹೊತ್ತಿಗೆ ಸರಿಯಾಗಿ ಬರುವುದು, ಹಳೇ ಮೊಬೈಲಿನಲ್ಲೂ ತಡವರಿಸದೆ ತೆರೆದುಕೊಳ್ಳುವುದು, ಒಂದಕ್ಷರ ತಪ್ಪಿಲ್ಲದಂತೆ ತಿದ್ದಿ ತೀಡಿರುವುದು ಒಂದೇ: ಕ್ಷಮಾಪತ್ರ. ಗೇಮು ಎಂಟು ವರ್ಷ ಒಲೆಯ ಮೇಲಿದ್ದರೂ ಅರ್ಧ ಬೆಂದು ಬರುತ್ತದೆ. ಪತ್ರ ನಾಲ್ಕೇ ದಿನದಲ್ಲಿ ಹದವಾಗಿ ಬೆಂದಿರುತ್ತದೆ. ನಮ್ಮ ವಿಮರ್ಶಕರು ಈ ಪ್ರಕಾರವನ್ನು ಇನ್ನೂ ಗಮನಿಸದಿರುವುದು ದುರದೃಷ್ಟ. ವಚನ, ಕೀರ್ತನೆ, ಲಲಿತ ಪ್ರಬಂಧ ಇದ್ದ ಹಾಗೆ ಇದಕ್ಕೂ ಒಂದು ಅಧ್ಯಯನ ಪೀಠ, ಕನಿಷ್ಠ ಒಂದು ದತ್ತಿ ಬಹುಮಾನ ಬೇಕು.

ಈ ಪ್ರಕಾರದ ಮಹಾಕಾವ್ಯ ಯಾವುದು ಅನ್ನುವುದರಲ್ಲಿ ಅನುಮಾನವಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ‘ಸೈಬರ್‌ಪಂಕ್ 2077’ ಎಂಬ ಗೇಮು ಮಾಡುತ್ತೇವೆ ಅಂದದ್ದು 2012ರಲ್ಲಿ. 2019ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ವೇದಿಕೆಗೆ ಹಾಲಿವುಡ್ ನಟ ಕಿಯಾನು ರೀವ್ಸ್ ಅವರನ್ನೇ ಕರೆತಂದು, 2020ರ ಏಪ್ರಿಲ್ 16 ಅಂತ ಮುಹೂರ್ತ ಇಟ್ಟರು. ಅದು ಸೆಪ್ಟೆಂಬರ್ 17ಕ್ಕೆ ಹೋಯಿತು. ಅಲ್ಲಿಂದ ನವೆಂಬರ್ 19ಕ್ಕೆ. ಅಲ್ಲಿಂದ ಡಿಸೆಂಬರ್ 10ಕ್ಕೆ. ಪ್ರತಿ ಸಲವೂ ಒಂದು ಪತ್ರ, ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ನಾವು ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಮಾತ್ರ ಅರಿಶಿನ ಮುಟ್ಟಿಸುತ್ತೇವೆ. ಅವರು ಕೈ ಬಿಚ್ಚಿ ಇಡೀ ಪತ್ರಕ್ಕೇ ಬಳಿದಿದ್ದರು.

ನಡುವೆ ಅಕ್ಟೋಬರ್ 5ಕ್ಕೆ ಗೇಮು ‘ಗೋಲ್ಡ್’ ಆಯಿತು ಅಂತ ಸಾರಿದರು. ಗೋಲ್ಡ್ ಅಂದರೆ ಈ ಕಸುಬಿನ ಭಾಷೆಯಲ್ಲಿ ಕೆಲಸ ಮುಗಿಯಿತು, ಇನ್ನು ಡಿಸ್ಕ್ ಒತ್ತುವುದಷ್ಟೇ ಬಾಕಿ ಅಂತ. ಆಫೀಸಿಗೆ ರಜೆ ಹಾಕಬೇಕು, ನವೆಂಬರ್ 19 ಖಚಿತ ತಾನೆ ಅಂತ ಅಭಿಮಾನಿಯೊಬ್ಬ ಕೇಳಿದ. ಪೂರ್ತಿ ಖಚಿತ ಅಂತ ಅಧಿಕೃತ ಖಾತೆಯಿಂದಲೇ ಉತ್ತರ ಬಂತು. ಮರುದಿನ, ಅಕ್ಟೋಬರ್ 27ಕ್ಕೆ, ಹಳದಿ ಪತ್ರ ಬಂತು. ಗೋಲ್ಡ್ ಅಂದಮಾತ್ರಕ್ಕೆ ಕೆಲಸ ನಿಲ್ಲಿಸುತ್ತೇವೆ ಅಂತಲ್ಲ ಎಂಬ ವ್ಯಾಖ್ಯಾನವೂ ಅದರಲ್ಲಿತ್ತು. ನಮ್ಮ ಚಿಕ್ಕಪೇಟೆಯಲ್ಲಿ ಯಾರಾದರೂ ಚಿನ್ನಕ್ಕೆ ಹೀಗೆ ವ್ಯಾಖ್ಯಾನ ಬರೆದಿದ್ದರೆ ಸಂಜೆಯೊಳಗೆ ಸ್ಟೇಷನ್ನಿನಲ್ಲಿರುತ್ತಿದ್ದರು.

ಅಂತೂ ಗೇಮು ಬಂತು. ಮುಂಗಡ ಕಟ್ಟಿದವರೇ 80 ಲಕ್ಷ. ಡೌನ್‌ಲೋಡ್ ಮಾಡುವ ಸರಕಿಗೆ ಯಾಕಪ್ಪಾ ಮುಂಗಡ, ತಡ ಮಾಡಿದರೆ ಖಾಲಿಯಾಗಲು ಅದೇನು ಭಾನುವಾರದ ದೋಸೆ ಹಿಟ್ಟೇ ಅಂತ ಯಾರೂ ಕೇಳಲಿಲ್ಲ. ಟಿವಿಗೆ ಜೋಡಿಸುವ ಹಳೇ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಗೇಮ್ ಪೆಟ್ಟಿಗೆಗಳಲ್ಲಿ ಹೇಗೆ ಓಡುತ್ತದೆ ಅಂದಾಗ ಕಂಪನಿಯ ಮುಖ್ಯಸ್ಥರು ಆಶ್ಚರ್ಯವಾಗುವಷ್ಟು ಚೆನ್ನಾಗಿ ಎಂಬರ್ಥದಲ್ಲಿ ಉತ್ತರಿಸಿದ್ದರು. ಆಶ್ಚರ್ಯವಂತೂ ಆಯಿತು. ವಿಮರ್ಶಕರಿಗೆ ಮೊದಲೇ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ; ಅದರಲ್ಲೂ ತಾವು ಆಡಿದ್ದರ ವಿಡಿಯೊ ತೋರಿಸುವ ಹಾಗಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಹಾಕಬೇಕು. ಗಂಡು ನೋಡಲು ಹೋದವರಿಗೆ ಫೋಟೊ ತೋರಿಸಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು ಕಳಿಸಿದ ಹಾಗೆ.

ಗಂಡು, ಅಂದರೆ ಗೇಮಿನ ನಾಯಕ, ಮಂಟಪಕ್ಕೆ ಬಂದಾಗ ನೋಡಿದರೆ ಬೈಕಿನ ಮೇಲೆ ಪ್ಯಾಂಟಿಲ್ಲದೆ, ಎರಡೂ ಕೈ ಚಾಚಿ, ಹೊಲದ ಬೆದರುಗೊಂಬೆಯ ಹಾಗೆ ನಿಂತಿದ್ದ. ಹಾದಿಹೋಕರ ಮುಖ ಎಷ್ಟೋ ಹೊತ್ತು ಮೂಡುತ್ತಲೇ ಇರಲಿಲ್ಲ. ತಪ್ಪು ಮಾಡಿದ ಕ್ಷಣವೇ ಪೊಲೀಸರು ಬೆನ್ನ ಹಿಂದೆ ಉದ್ಭವಮೂರ್ತಿಗಳಾಗಿ ಮೂಡುತ್ತಿದ್ದರು. (ಇದನ್ನು ದೋಷ ಅನ್ನಬೇಕೋ ಭವಿಷ್ಯದ ಕನಸು ಅನ್ನಬೇಕೋ ನನಗೆ ಈಗಲೂ ಗೊತ್ತಾಗಿಲ್ಲ.) ಡಿಸೆಂಬರ್ 14ಕ್ಕೆ ಕ್ಷಮಾಪತ್ರ ಬಂತು. ಅದಾದ ಮೂರ್ನಾಲ್ಕು ದಿನಕ್ಕೆ ಪ್ಲೇಸ್ಟೇಷನ್ ತಯಾರಿಸುವ ಸೋನಿ ಆ ಗೇಮನ್ನು ತನ್ನ ಆನ್‌ಲೈನ್ ಅಂಗಡಿಯ ಕಪಾಟಿನಿಂದಲೇ ಇಳಿಸಿತು. ಮತ್ತೆ ಏರಿಸಿದ್ದು 2021ರ ಜೂನ್ 21ಕ್ಕೆ.

ಸುಳ್ಳು ಹೇಳಬಾರದು. 2023ರ ಹೊತ್ತಿಗೆ ಅದು ನಿಜಕ್ಕೂ ಒಳ್ಳೇ ಗೇಮಾಯಿತು. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವನಿಗೆ ಹಸಿ ಹಿಟ್ಟು; ಮೂರು ವರ್ಷ ಕಾದ ಜುಗ್ಗನಿಗೆ ಕಡಿಮೆ ಬೆಲೆಗೆ ಗರಿಗರಿ ದೋಸೆ. ಅಭಿಮಾನಕ್ಕೆ ಇಷ್ಟು ಕಟ್ಟುನಿಟ್ಟಾಗಿ ದಂಡ ಹಾಕುವ ವ್ಯಾಪಾರ ಇನ್ನೊಂದಿಲ್ಲ.

ಈ ಪತ್ರಗಳ ವ್ಯಾಕರಣ ನಮಗೆ ಹೊಸದೇನಲ್ಲ. ಐದನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಬರೆಸಿದ ರಜಾ ಅರ್ಜಿಯೇ ಅದು:

“ಮಾನ್ಯ ಆಟಗಾರರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಗೇಮಿಗೆ ಹುಟ್ಟುವಾಗಲೇ ಜ್ವರ ಬಂದಿರುವುದರಿಂದ ಅದು ಮೂರು ತಿಂಗಳು ಓಡಲಾಗುವುದಿಲ್ಲ. ತಮ್ಮ ಪ್ರೀತಿ, ತಾಳ್ಮೆ ಹಾಗೂ ನಾಲ್ಕು ಸಾವಿರ ರೂಪಾಯಿ ನಮಗೆ ಸದಾ ಸ್ಫೂರ್ತಿ. ತಮ್ಮ ಅಹವಾಲುಗಳನ್ನು ಗಮನವಿಟ್ಟು ಆಲಿಸುತ್ತಿದ್ದೇವೆ. ಧ್ವನಿಯ ದೋಷ ಇನ್ನೂ ಸರಿಯಾಗಿಲ್ಲವಾದ್ದರಿಂದ ಕೇಳಿಸುತ್ತಿಲ್ಲ. ಆದ್ದರಿಂದ ದಯಾಳುಗಳಾದ ತಾವು ಮುಂದಿನ ಗೇಮಿಗೂ ಮುಂಗಡ ಕಟ್ಟಬೇಕಾಗಿ ಪ್ರಾರ್ಥನೆ. ಇಂತಿ ತಮ್ಮ ವಿಧೇಯ.”

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಗೇಮಿನ ಹೆಸರು ಬೇಡ, ಪಾಪ, ಅದಕ್ಕೂ ಹೆಂಡತಿ ಮಕ್ಕಳಿರಬಹುದು. ದೀಪಾವಳಿ ಬೋನಸ್ಸಿನಲ್ಲಿ ಡಬ್ಬಿ ತಂದು, ರಾತ್ರಿ ಎಂಟಕ್ಕೆ ಊಟ ಮುಗಿಸಿ, ಡಿಸ್ಕ್ ಹಾಕಿ ಕೂತೆ. ತೆರೆಯ ಮೇಲೆ ಅಪ್‌ಡೇಟ್ ಬೇಕು ಅಂತ ಬಂತು. ಎಷ್ಟು? 58 ಜಿಬಿ. ಹಾಗಾದರೆ ನಾನು ಮೊಣಕಾಲುದ್ದದ ಬಿಲ್ಲಿನ ಜತೆ ಹೊತ್ತು ತಂದ ಡಿಸ್ಕಿನಲ್ಲಿ ಏನಿತ್ತು? ಪ್ರಾಯಶಃ ಇನ್ನೊಂದು ಡಿಸ್ಕಿನ ವಿಳಾಸ. ಬೆಳಗಿನ ಜಾವಕ್ಕೆ ಡೌನ್‌ಲೋಡ್ ಮುಗಿಯಿತು. ನಾಯಕ ಕೋಟೆಯ ಹೊಸ್ತಿಲು ದಾಟಿದ, ಎರಡು ಹೆಜ್ಜೆ ಇಟ್ಟ, ನೆಲದೊಳಗೆ ಇಳಿದ. ಸೊಂಟದವರೆಗೆ, ಆಮೇಲೆ ಕುತ್ತಿಗೆಯವರೆಗೆ, ಆಮೇಲೆ ಕಿರೀಟವಷ್ಟೇ ಕಾಣುತ್ತಿತ್ತು. ಕಾಫಿ ಲೋಟ ಹಿಡಿದು ಬಂದ ಅಮ್ಮ ಒಂದು ಗಳಿಗೆ ನಿಂತು ನೋಡಿ, “ಅಯ್ಯೋ, ಯಾರ ಪಾಪಕ್ಕೋ ಭೂಮಿ ಬಾಯ್ಬಿಡ್ತು” ಅಂದರು. ಕಂಪನಿಯ ಯಾವ ಪತ್ರದಲ್ಲೂ ಇಷ್ಟು ಸ್ಪಷ್ಟ ವಿವರಣೆ ನನಗೆ ಸಿಕ್ಕಿಲ್ಲ.

ಹಿಂದೆ ಹೀಗಿರಲಿಲ್ಲ ಅಂತ ನಿಟ್ಟುಸಿರು ಬಿಡುವವರಿದ್ದಾರೆ. ಹಿಂದೆಯೂ ಹೀಗೇ ಇತ್ತು. 1982ರಲ್ಲಿ ಅಟಾರಿ ಕಂಪನಿ ಕ್ರಿಸ್‌ಮಸ್ ವ್ಯಾಪಾರಕ್ಕೆ ಬೇಕು ಅಂತ ‘ಇ.ಟಿ.’ ಗೇಮನ್ನು ಐದೇ ವಾರದಲ್ಲಿ ಹೊಸೆಯಿಸಿತು. ಅದರ ನಾಯಕ ಪದೇಪದೇ ಗುಂಡಿಗೆ ಬೀಳುತ್ತಿದ್ದ. ಬಿಕರಿಯಾಗದ ಕಾರ್ಟ್ರಿಜ್‌ಗಳನ್ನು ಮರುವರ್ಷ ಲಾರಿಗಳಲ್ಲಿ ಹೇರಿ ನ್ಯೂ ಮೆಕ್ಸಿಕೊದ ಆಲಮಗೋರ್ಡೊ ಊರಿನ ಕಸದ ಗುಂಡಿಗೆ ಸುರಿದರು. 2014ರಲ್ಲಿ ಅಗೆದರೆ ಅಲ್ಲೇ ಇದ್ದವು. ಆದರೆ ಆಗ ಒಂದು ಹೆದರಿಕೆ ಇತ್ತು. ಒತ್ತಿದ ಮೇಲೆ ತಿದ್ದಲಾಗದು, ಕೆಟ್ಟರೆ ಲಾರಿ ಬಾಡಿಗೆ ತೆರಬೇಕು. ಇಂಟರ್ನೆಟ್ ಬಂದು ಆ ಹೆದರಿಕೆ ಕಳೆಯಿತು. ಈಗ ಬಿಡುಗಡೆಯ ತಾರೀಖನ್ನು ಷೇರುದಾರರ ತ್ರೈಮಾಸಿಕ ನಿಗದಿ ಮಾಡುತ್ತದೆ; ಗೇಮು ಮುಗಿಯುವುದು ಅದರ ಸ್ವಂತ ವಿಚಾರ.

ಇಂಗ್ಲೆಂಡಿನ ಹಲೋ ಗೇಮ್ಸ್ 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ತಂದಾಗ ಇಬ್ಬರು ಆಟಗಾರರು ಹುಡುಕಿಕೊಂಡು ಹೋಗಿ ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರು. 1.8 ಲಕ್ಷ ಕೋಟಿ ಕೋಟಿ ಗ್ರಹಗಳ ನಡುವೆ ಅದೇನು ಸಣ್ಣ ಮಾತಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಣಲಿಲ್ಲ. ಇದ್ದಾನೆ, ಎಲ್ಲೆಲ್ಲೂ ಇದ್ದಾನೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಒಟ್ಟಿಗೆ ಸರಿಯಾಗಿ ಆಡುವ ಭಾಗ್ಯ 2018ಕ್ಕೆ ಬಂತು. ಆ ಕಂಪನಿ ಪತ್ರ ಬರೆಯುವ ಗೋಜಿಗೆ ಹೋಗದೆ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು, ಕಾಸು ಕೇಳದೆ ಸರಿಪಡಿಸಿತು. ಹಾಗಾಗಿ ನಮ್ಮ ದತ್ತಿ ಬಹುಮಾನಕ್ಕೆ ಅದನ್ನು ಪರಿಗಣಿಸಲು ಸಾಧ್ಯವಿಲ್ಲ.

ಬಹುಮಾನ ಬ್ಯಾಗಿಗೆ ಹೋಗಬೇಕು. 2018ರ ನವೆಂಬರ್‌ನಲ್ಲಿ ಬೆಥೆಸ್ಡಾ ಕಂಪನಿ ‘ಫಾಲ್‌ಔಟ್ 76’ ಬಿಟ್ಟಿತು. ಮನುಷ್ಯಮಾತ್ರದವರು ಮಾತಿಗೆ ಸಿಗದ ಖಾಲಿ ಪ್ರಪಂಚ. ಅದು ಹಾಗಿರಲಿ. 200 ಡಾಲರ್ ಕೊಟ್ಟವರಿಗೆ ಶಿರಸ್ತ್ರಾಣದ ಜತೆ ದಪ್ಪ ಕ್ಯಾನ್ವಾಸ್ ಬ್ಯಾಗ್ ಕೊಡುತ್ತೇವೆ ಅಂದಿದ್ದರು. ಬಂದದ್ದು ತೆಳ್ಳನೆ ನೈಲಾನ್ ಚೀಲ. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸು ಕೊಂಡರೂ ಇದಕ್ಕಿಂತ ಗಟ್ಟಿ ಕೈಚೀಲ ಕೊಡುತ್ತಾರೆ. ಕೇಳಿದ್ದಕ್ಕೆ ಕ್ಯಾನ್ವಾಸ್ ಬಟ್ಟೆ ಸಿಗಲಿಲ್ಲ ಅಂದರು. ಪರಿಹಾರವಾಗಿ 500 ‘ಆಟಮ್’ ಘೋಷಿಸಿದರು. ಅದು ಆ ಗೇಮಿನೊಳಗೇ ನಡೆಯುವ ನಾಣ್ಯ, ಬೆಲೆ ಸುಮಾರು ಐದು ಡಾಲರ್. ಗಲಾಟೆ ಜಾಸ್ತಿಯಾದ ಮೇಲೆ ಸರಿ, ಅರ್ಜಿ ಹಾಕಿ, ಅಸಲಿ ಬ್ಯಾಗ್ ಕಳಿಸುತ್ತೇವೆ ಅಂದರು. ಜನ ಅರ್ಜಿ ಹಾಕಿದರು. ಗ್ರಾಹಕ ಸೇವೆಯ ತಾಣದಲ್ಲಿ ಒಬ್ಬರ ಹೆಸರು, ವಿಳಾಸ ಇನ್ನೊಬ್ಬರಿಗೆ ಕಾಣಿಸತೊಡಗಿತು. ಅದಕ್ಕೂ ಕ್ಷಮೆ ಕೇಳಿದರು. ಬ್ಯಾಗು ಬಂದದ್ದು ಮರುವರ್ಷ. ಒಂದೇ ಚೀಲಕ್ಕೆ ಇಷ್ಟು ಅಧ್ಯಾಯ ಹೊಲಿದವರು ಬೇರಿಲ್ಲ.

ನಮ್ಮವರೇನೂ ಹಿಂದೆ ಬಿದ್ದಿಲ್ಲ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ನಿಷೇಧವಾಯಿತು. 4ಕ್ಕೇ ಅಕ್ಷಯ್ ಕುಮಾರ್ ‘ಫೌ-ಜಿ’ ಘೋಷಿಸಿದರು. ಮಾಡುತ್ತಿದ್ದದ್ದು ನಮ್ಮ ಬೆಂಗಳೂರಿನದೇ ಎನ್‌ಕೋರ್ ಗೇಮ್ಸ್. ದಸರೆಗೆ ಟೀಸರ್, ಗಣರಾಜ್ಯೋತ್ಸವಕ್ಕೆ ಗೇಮು. ಪಬ್‌ಜಿಯ ನೂರು ಜನರ ಬಂದೂಕು ಕಾಳಗ ಇದ್ದ ಜಾಗಕ್ಕೆ ಬಂದದ್ದು ಗಲ್ವಾನ್ ಕಣಿವೆ. ಒಬ್ಬ ಸೈನಿಕ, ಗುದ್ದು, ದೊಣ್ಣೆ, ಮತ್ತೆ ಗುದ್ದು. ಗಲ್ವಾನ್‌ನಲ್ಲಿ ಗುಂಡು ಹಾರಲಿಲ್ಲವಲ್ಲ, ಆ ಮಟ್ಟಿಗೆ ಅದು ನಿಜಕ್ಕೆ ಹತ್ತಿರವೇ. ಆದರೆ ಗಾಯವಾದರೆ ಔಷಧ ಗಿವುಷಧ ಇಲ್ಲ, ಬೆಂಕಿ ಮುಂದೆ ಕೂತು ಮೈ ಕಾಯಿಸಿಕೊಂಡರೆ ಸಾಕು, ಪ್ರಾಣ ತುಂಬಿಕೊಳ್ಳುತ್ತದೆ. ಮಲೆನಾಡಿನ ಅಜ್ಜಂದಿರು ಇದನ್ನು ಮೊದಲಿಂದ ಹೇಳುತ್ತಲೇ ಇದ್ದರು. ಆದಾಯದಲ್ಲಿ ಶೇ 20 ಸೈನಿಕರ ಕುಟುಂಬಗಳ ನಿಧಿಗೆ ಅಂದಿದ್ದರಿಂದ, ಬೋರಾಯಿತು ಅನ್ನಬೇಕಾದರೆ ಆಚೀಚೆ ನೋಡಿ ಹೇಳಬೇಕಿತ್ತು. ಜನ ಆಚೀಚೆ ನೋಡಿಯೇ ರೇಟಿಂಗನ್ನು ಐದಕ್ಕೆ ಮೂರರ ಆಸುಪಾಸಿಗೆ ತಂದರು. 2021ರ ಜುಲೈಗೆ ಪಬ್‌ಜಿ ಹೊಸ ಹೆಸರಿಟ್ಟುಕೊಂಡು ಮರಳಿತು.

ಕೊನೆಗೆ ಕಾಂಕರ್ಡ್. ಸೋನಿಯ ಹಣ, ಎಂಟು ವರ್ಷದ ತಯಾರಿ, 40 ಡಾಲರ್ ಬೆಲೆ, ಅಂಥದೇ ಗೇಮುಗಳು ಪುಕ್ಕಟೆ ಸಿಗುತ್ತಿರುವ ಸಂತೆಯಲ್ಲಿ. 2024ರ ಆಗಸ್ಟ್ 23ಕ್ಕೆ ಹುಟ್ಟಿ ಸೆಪ್ಟೆಂಬರ್ 6ಕ್ಕೆ ತೀರಿಕೊಂಡಿತು. ನಾಮಕರಣಕ್ಕೆ ಹಾಕಿದ ಶಾಮಿಯಾನ ಬಿಚ್ಚುವ ಮೊದಲೇ ಅದರಡಿಯಲ್ಲೇ ವೈಕುಂಠ ಸಮಾರಾಧನೆ. ಪಿಸಿ ಗೇಮುಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಆಡಿದವರ ಗರಿಷ್ಠ ಸಂಖ್ಯೆ 697, ನಮ್ಮ ಕಡೆ ಮದುವೆಯ ಎರಡನೇ ಪಂಕ್ತಿಗೇ ಅದಕ್ಕಿಂತ ಹೆಚ್ಚು ಎಲೆ ಬೀಳುತ್ತದೆ. ಆದರೆ ದುಡ್ಡು ವಾಪಸು ಕೊಟ್ಟರು, ಅದನ್ನು ಹೇಳಲೇಬೇಕು. ಮೊದಲೇ ಒಪ್ಪಿಕೊಂಡಿದ್ದರು ಅಂತ ಕಾಣುತ್ತದೆ, ಡಿಸೆಂಬರ್‌ನಲ್ಲಿ ಬಂದ ಅನಿಮೇಷನ್ ಸರಣಿಯೊಂದರಲ್ಲಿ ಈ ಗೇಮಿನ ಕಥೆಗೇ ಒಂದು ಇಡೀ ಕಂತು ಇತ್ತು. ಮಾಸಿಕವೂ ಸಾಂಗವಾಗಿ ನೆರವೇರಿತು.

ಮೊನ್ನೆ ಅಕ್ಕನ ಮಗ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮುಂದೆ ಪೆನ್ ಹಿಡಿದು ನಿಂತಿದ್ದ. ‘ಜಿಟಿಎ 6’ ಗೇಮು ಮೊದಲು 2025 ಅಂದಿದ್ದರು, ಆಮೇಲೆ 2026ರ ಮೇ 26 ಅಂದರು, ಈಗ ನವೆಂಬರ್ 19 ಅಂದಿದ್ದಾರೆ. ಸೈಬರ್‌ಪಂಕ್ ಬರಬೇಕಿದ್ದ, ಪೂರ್ತಿ ಖಚಿತವಾಗಿದ್ದ ಅದೇ ನವೆಂಬರ್ 19. ಆಗಲೂ ಗುರುವಾರ, ಈಗಲೂ ಗುರುವಾರ. ನಾನು ಒಂದೂವರೆಯಿಂದ ಮೂರರವರೆಗೆ ರಾಹುಕಾಲ ಅಂದೆ. ಅವನು ರಾತ್ರಿ ಹನ್ನೆರಡಕ್ಕೇ ಬರುತ್ತೆ ಮಾವ ಅಂದು ದಿನಾಂಕದ ಸುತ್ತ ಗುಂಡಗೆ ಗೀಟೆಳೆದ. ಅಕ್ಕ ಒಲೆಯ ಮುಂದಿಂದಲೇ ಕೂಗಿದಳು, “ಪೆನ್ಸಿಲ್ಲಲ್ಲಿ ಬರಿಯೋ.”