ಕೇಳಿದವನಿಗೆ ಹಾದಿಯಿಲ್ಲ

ಕಲಬುರಗಿ ಜಿಲ್ಲೆಯಲ್ಲಿ ತೊಗರಿ ರಾಶಿಯ ಕಾಲ ಬಂತೆಂದರೆ ಹಾದಿ ಜಗಳದ ಕಾಲವೂ ಬಂತೆಂದೇ ಲೆಕ್ಕ. ಬಿತ್ತುವಾಗ ಯಾರ ಬದುವಿನ ಮೇಲೆ ಯಾರು ನಡೆದರೂ ನಡೆಯುತ್ತದೆ. ಚೀಲ ತುಂಬಿದ ಟ್ರ್ಯಾಕ್ಟರ್ ಹೊರಬರಬೇಕಾದ ದಿನವೇ ಪಕ್ಕದ ಹೊಲದವರಿಗೆ ತಮ್ಮ ಪಹಣಿ ನೆನಪಾಗಿ, ಹಾದಿಗೆ ಅಡ್ಡಲಾಗಿ ಜಾಲಿ ಮುಳ್ಳು ಬೀಳುತ್ತದೆ. ಈ ಮುಳ್ಳನ್ನು ತೆಗೆಸಲೆಂದು ಪರರ ಜಮೀನಿನ ಮೇಲಿನ ಹಾದಿಯಂಥ ಹಕ್ಕುಗಳನ್ನು ಹೇಳುವ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯನ್ನು ತೆರೆದು ಓದಿದವರಿಗೆ, ಮುಳ್ಳು ಬಡಿದವನಿಗಿಂತ ದೊಡ್ಡ ತಪ್ಪು ಮಾಡಿದವನು ಎಂದೋ ಒಮ್ಮೆ ಮರ್ಯಾದೆಯಿಂದ ಹಾದಿ ಕೇಳಿದವನೇ ಎಂಬುದು ತಿಳಿಯುತ್ತದೆ.

ಕಾಯ್ದೆಯ 15ನೇ ಕಲಮಿನ ಪ್ರಕಾರ, ಪರರ ಜಮೀನಿನಲ್ಲಿ 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಅಡೆತಡೆಯಿಲ್ಲದೆ, ತನ್ನ ಹಕ್ಕೆಂಬಂತೆ ಓಡಾಡಿದವನಿಗೆ ಆ ಹಾದಿಯ ಮೇಲೆ ಅನುಭೋಗದ ಹಕ್ಕು ಹುಟ್ಟುತ್ತದೆ. ಆದರೆ ಆತ ಮೊದಲ ದಿನ ಬದುವಿನ ಮೇಲೆ ನಿಂತು, “ಅಣ್ಣಾರ, ನಿಮ್ಮ ಹೊಲದಾಗಿಂದ ಬಂಡಿ ಹೊಡ್ಕೊಂಡು ಹೋಗ್ಲೇನ್ರಿ?” ಎಂದು ಕೇಳಿ, ಅವರು “ಹೋಗಪಾ, ಇದ್ರಾಗ ಕೇಳೋದೇನದ?” ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಆತನಿಗೆ ದೊರೆತದ್ದು ಹಕ್ಕಲ್ಲ, ಬರೀ ಪರವಾನಗಿ. ಅದನ್ನು ಕೊಟ್ಟವರು ಸಾಮಾನ್ಯವಾಗಿ ಬೇಕೆಂದಾಗ ಹಿಂಪಡೆಯಬಹುದು. ಅವರು ಹೊಲವನ್ನು ಪ್ಲಾಟು ಮಾಡುವವರಿಗೆ ಮಾರಿಬಿಟ್ಟರೆ, ಕೊಂಡವರ ಮೇಲೆ ಆ ಮಾತಿನ ಹಂಗೇ ಇರುವುದಿಲ್ಲ. ಅದೇ ಊರಿನಲ್ಲಿ ಯಾರನ್ನೂ ಕೇಳದೆ, ಯಾರಿಗೂ ಸೊಪ್ಪು ಹಾಕದೆ ಬಂಡಿ ಹೊಡೆದವನಿಗೆ ಮಾತ್ರ ನ್ಯಾಯಾಲಯವು ಶಾಶ್ವತ ಹಾದಿಯನ್ನು ಬರೆದುಕೊಡುತ್ತದೆ.

ಆದ್ದರಿಂದ ಮಕ್ಕಳ ಮುಂದಿನ ದಿನಗಳ ಬಗ್ಗೆ ಕಾಳಜಿಯುಳ್ಳ ರೈತರು ಇನ್ನುಮೇಲೆ ಎಚ್ಚರದಿಂದ ಉದ್ಧಟರಾಗಬೇಕು. ಎಚ್ಚರವೇಕೆಂದರೆ, ಜಗಳವಾಡಿದರೆ ಶಾಂತಿ ಕೆಡುತ್ತದೆ, ರಾತ್ರಿ ಕದ್ದು ಹೋದರೆ ಬಹಿರಂಗವೆನಿಸುವುದಿಲ್ಲ, ನಗುತ್ತಾ ಮಾತಾಡಿಸಿದರೆ ಅನುಮತಿಯ ವಾಸನೆ ಬರುತ್ತದೆ. ಹಾಡುಹಗಲೇ, ಮುಖ ಗಂಟು ಹಾಕಿಕೊಂಡು, ತುಟಿ ಬಿಚ್ಚದೆ 20 ವರ್ಷ ನಡೆಯಬೇಕು. ಎಲ್ಲಕ್ಕಿಂತ ಅಪಾಯಕಾರಿಯಾದುದು ಎಳ್ಳ ಅಮಾವಾಸ್ಯೆ. ಆ ದಿನ ನಮ್ಮ ಭಾಗದ ಜನ ಚರಗ ಚೆಲ್ಲಿ, ಹೊಲದಲ್ಲೇ ಕುಳಿತು, ಕಂಡಕಂಡವರನ್ನೆಲ್ಲ ಕೈಹಿಡಿದು ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಣ್ಣಲು ಕರೆಯುವುದು ರೂಢಿ. ಮುಂದೆಂದಾದರೂ ಪಾಟಿ ಸವಾಲಿನಲ್ಲಿ, “ಪ್ರತಿವಾದಿಗಳು ವರ್ಷವರ್ಷವೂ ಕರೆದಿದ್ದರಿಂದ ನೀವು ಅವರ ಹೊಲಕ್ಕೆ ಹೋಗಿ ಉಂಡು ಬಂದಿದ್ದೀರಿ, ಹೌದೋ ಅಲ್ಲವೋ?” ಎಂದು ಕೇಳಿದಾಗ ಹೌದೆಂದ ಸಾಕ್ಷಿಯು, ಎರಡು ಸೌಟು ಭಜ್ಜಿಗೆ ಅಜ್ಜನ ಕಾಲದ ಬಂಡಿದಾರಿಯನ್ನು ಬಿಟ್ಟುಕೊಡುವ ಅಪಾಯದಲ್ಲಿರುತ್ತಾನೆ.

ಹಾದಿ ಕೊಡುವ ಪುಣ್ಯವಂತನ ಪಾಡೂ ಇಷ್ಟೇ. ಸುಮ್ಮನೆ ಬಿಟ್ಟರೆ ಹೊಲದ ನಡುವೆ ಹಕ್ಕು ಬೆಳೆಯುತ್ತದೆ. ಹಾಗಾಗಿ ಜಾಣ ವಕೀಲರು, ‘ಈ ಹಾದಿಯನ್ನು ಮಾಲೀಕರ ಅನುಮತಿಯಿಂದ ಮಾತ್ರ ಬಳಸತಕ್ಕದ್ದು’ ಎಂಬ ಬೋರ್ಡು ಹಚ್ಚಿಸಲು ಹೇಳುತ್ತಾರೆ. ತಲೆಮಾರುಗಳಿಂದ ಬಾಯಿಮಾತಿನಲ್ಲಿ ನಡೆದ ಉಪಕಾರ ಹೀಗೆ ತಗಡಿನ ಮೇಲೆ ಬಣ್ಣದಲ್ಲಿ ಬರೆಯಿಸಿಕೊಳ್ಳುವ ಮಟ್ಟಕ್ಕೆ ಏರಿದೆ.

ಮುಳ್ಳು ಬಿದ್ದ ಮೇಲಿನ ಲೆಕ್ಕವಂತೂ ಪಂಚಾಂಗ ನೋಡುವವರಿಗೂ ಕಷ್ಟ. ತಡೆದದ್ದು ಗೊತ್ತಾದ ಮೇಲೂ ಒಂದು ವರ್ಷ ಸುಮ್ಮನಿದ್ದರೆ ಓಡಾಟಕ್ಕೆ ಭಂಗ ಬಂದಂತೆ. ಆ 20 ವರ್ಷಗಳಾದರೂ ದಾವೆ ಹೂಡುವ ದಿನಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಅಂದರೆ ಎರಡು ದಶಕ ಬಾಯಿ ಮುಚ್ಚಿಕೊಂಡಿದ್ದವನು ಆಮೇಲೆ ಒಂದು ಕ್ಷಣವೂ ಮುಚ್ಚಿಕೊಂಡಿರಬಾರದು. ಮೇಲಾಗಿ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲವೆಂದು 28ನೇ ಕಲಮು ಹೇಳುವುದರಿಂದ, ಅಜ್ಜ ನಡೆದು ಗಳಿಸಿದ ಕಾಲುದಾರಿಯಲ್ಲಿ ಮೊಮ್ಮಗ ಬಂಡಿ ಹೊಡೆಯುವಂತಿಲ್ಲ. ರಾಶಿ ಯಂತ್ರ ಕೊಳ್ಳಬೇಕೆಂದಿರುವವರು ಮುಂಗಡ ಕಟ್ಟುವ 20 ವರ್ಷ ಮೊದಲೇ ಅದನ್ನು ಬದುವಿನ ಮೇಲೆ ಓಡಿಸಲು ಆರಂಭಿಸುವುದು ಲೇಸು.

ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಹಿಂದಿನ ತುಂಡು ಸಿಕ್ಕವನಿಗೆ ಅಗತ್ಯದ ಹಾದಿಯೆಂಬ ಇನ್ನೊಂದು ಅನುಕೂಲವನ್ನು ಕಾಯ್ದೆ ಇಟ್ಟಿದೆ, ಬೇರೆ ದಾರಿ ಇರಬಾರದಷ್ಟೇ. ಹಳ್ಳ ದಾಟಿ, ಗುಡ್ಡ ಸುತ್ತಿ ಹೋಗುವ ದಾರಿಯೊಂದಿದ್ದರೆ ಅದು ಅನನುಕೂಲವೇ ಹೊರತು ಅಗತ್ಯವಲ್ಲ. ವಾಟ್ನಿ ಪತ್ರದಲ್ಲಿ, ಅಂದರೆ ಪಾಲುಪತ್ರದಲ್ಲಿ, ಬೇವಿನ ಮರಗಳನ್ನು ಎಣಿಸಿ ಬರೆಸುವ ನಮ್ಮ ಹಿರಿಯರು ಹಾದಿಗಾಗಿ ಒಂದು ಸಾಲು ಬರೆಸಿದ್ದರೆ ಇದಾವುದೂ ಬೇಕಿರಲಿಲ್ಲ. ಆದರೆ ಒಡಹುಟ್ಟಿದವರ ನಡುವೆ ಹಾದಿಯ ಮಾತೆತ್ತುವುದು ಅಪಶಕುನವಂತೆ.

ಕಡೆಗೊಮ್ಮೆ ನ್ಯಾಯಾಲಯವು ಸ್ಥಳ ಪರಿಶೀಲನೆಗೆ ಕಮಿಷನರನ್ನು ನೇಮಿಸುತ್ತದೆ. ಅವರು ಟೇಪು ಹಿಡಿದು ಬಂದರೆಂದರೆ, ವರ್ಷಗಟ್ಟಲೆ ಅಲುಗದ ಮುಳ್ಳನ್ನು ಪ್ರತಿವಾದಿ ತಾನೇ ಸರಿಸಿ, ಟವೆಲಿನಿಂದ ಕಲ್ಲು ಒರೆಸಿ, “ಬರ್ರಿ ಸಾಹೇಬ್ರ, ಇದೇ ಹಾದೀಲೆ ಬರ್ರಿ, ಚಾ ಕುಡದು ಹೋಗ್ರಿ” ಎಂದು ಕೈಮುಗಿಯುತ್ತಾನೆ. ಪಕ್ಕದಲ್ಲೇ ನಿಂತ ಆತನ ವಕೀಲರು, ಕಮಿಷನರರೂ ಪ್ರತಿವಾದಿಯ ಅನುಮತಿಯ ಮೇರೆಗೇ ಹೊಲ ಪ್ರವೇಶಿಸಿದರೆಂದು ವರದಿಯಲ್ಲಿ ನಮೂದಿಸಬೇಕೆಂದು ವಿನಂತಿಸುತ್ತಾರೆ.