ಎಡಕ್ಕೆ ತಿರುಗಿದರೆ ಹಾರ್ನ್

ನಮ್ಮ ಮಾವನವರ ಫಿಯೆಟ್ ಎಡಕ್ಕೆ ತಿರುಗುವಾಗಲೆಲ್ಲ ತಾನೇ ಹಾರ್ನ್ ಹೊಡೆಯುತ್ತಿತ್ತು. ಬಲಕ್ಕೆ ತಿರುಗಿಸಿದರೆ ತೆಪ್ಪಗಿರುತ್ತಿತ್ತು. ಆಗುಂಬೆ ಘಾಟಿಯಲ್ಲಿ ಇದೊಂದು ಸೌಕರ್ಯವೇ. ತಿರುವಿನಲ್ಲಿ ಹಾರ್ನ್ ಮಾಡುವುದು ಹೇಗೂ ಒಳ್ಳೆಯದು, ಕೈಗೆ ಒಂದು ಕೆಲಸ ಕಡಿಮೆ. ಕಷ್ಟ ಶುರುವಾಗುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ. ಮಂಡಗದ್ದೆ ಹತ್ತಿರ ಒಂದು ಎಡ ತಿರುವಿನಲ್ಲಿ ಛತ್ರಿ ಹಿಡಿದು ನಿಂತಿದ್ದ ಯಜಮಾನರೊಬ್ಬರು, ನಾನು ಅವರನ್ನೇ ಕರೆದೆ ಅಂದುಕೊಂಡು ಕೈ ಎತ್ತಿಬಿಟ್ಟರು. ನಿಲ್ಲಿಸದೆ ಹೋಗುವುದು ಹೇಗೆ? ಹತ್ತಿ ಕೂತರು. ಒದ್ದೆ ಛತ್ರಿಯನ್ನು ಸೀಟಿನ ಮೇಲೆ ಮಲಗಿಸಿ, "ನಿಮ್ಮ ಗುರುತು ಸಿಗ್ಲಿಲ್ಲ ಮಾರಾಯ್ರೆ" ಅಂದರು. ತೀರ್ಥಹಳ್ಳಿ ಬರುವ ತನಕ ನೆಂಟಸ್ತಿಕೆ ಹುಡುಕಿದೆವು. ಸಿಕ್ಕಿತು. ಈ ಕಡೆ ಹುಡುಕಿದರೆ ಸಿಗದೆ ಇರುವುದಿಲ್ಲ.

ಆರ್‌ಸಿ ಪುಸ್ತಕದಲ್ಲಿ ಇದರ ಹೆಸರು ಪ್ರೀಮಿಯರ್ ಪದ್ಮಿನಿ. 1974ರಿಂದಲೂ ಅದೇ ಹೆಸರು, ಆದರೆ ಊರವರ ಬಾಯಲ್ಲಿ ಮಾತ್ರ ಫಿಯೆಟ್ಟೇ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಎಂಜಿನ್ ಬಗ್ಗೆ ನನ್ನದೇನೂ ತಕರಾರಿಲ್ಲ, ಅದು ನಮ್ಮನ್ನೆಲ್ಲ ಮೀರಿ ಬದುಕುತ್ತದೆ. ವೈರಿಂಗ್ ಕಥೆಯೇ ಬೇರೆ. ಕಾರ್ಖಾನೆಯಿಂದ ಬಂದಾಗ ಯಾವ ವೈರಿಗೆ ಯಾವ ಬಣ್ಣ ಅನ್ನುವುದಕ್ಕೆ ಒಂದು ಲೆಕ್ಕ ಇತ್ತು. ಆಮೇಲೆ ಅದಕ್ಕೆ ಕೈ ಹಾಕಿದವರೆಲ್ಲ "ಸದ್ಯಕ್ಕೆ ಇದಿರಲಿ" ಅಂತ ಒಂದೊಂದು ತುಂಡು ಸೇರಿಸುತ್ತಾ ಹೋದರು. ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಾಕಿ ನೋಡಿದರೆ ತೋಟದ ಪಂಪ್‌ಸೆಟ್ಟಿಗೆ ಎಳೆದು ಉಳಿದ ವೈರು, ಟೇಪ್ ರೆಕಾರ್ಡರಿನ ಸ್ಪೀಕರ್ ವೈರು, ಯಾರದೋ ಮದುವೆಯ ಸೀರಿಯಲ್ ಸೆಟ್ಟಿನ ಹಸಿರು ವೈರು ಎಲ್ಲ ಒಟ್ಟಿಗೇ ಸಿಗುತ್ತವೆ. ಇಲಿಗಳು ಕಡಿದದ್ದು ಇವನ್ನಲ್ಲ, ಹುಡುಕಿ ಹುಡುಕಿ ಒರಿಜಿನಲ್ ವೈರುಗಳನ್ನೇ.

ಪುನರ್ವಸು ಮಳೆ ಹಿಡಿದ ಮೇಲೆ ಇನ್ನೊಂದು ಶುರುವಾಯಿತು. ಬ್ರೇಕ್ ಒತ್ತಿದರೆ ಹಿಂದಿನ ಬಲಗಡೆ ದೀಪ ಸರಿಯಾಗಿ ಹತ್ತುವುದಿಲ್ಲ, ಅದರ ಬದಲು ಮೀಟರ್ ಬೋರ್ಡಿನ ದೀಪ ಮಿಣಿಮಿಣಿ ಅನ್ನುತ್ತದೆ. ನಾನು ಬ್ರೇಕ್ ಹಾಕಿದ್ದು ನನಗೇ ಗೊತ್ತಾಗುತ್ತದೆ, ಹಿಂದೆ ಬರುವ ಬಸ್ಸಿನವನಿಗೆ ಗೊತ್ತಾಗುವುದಿಲ್ಲ.

ಹಳೇ ಕಾರಿನ ಬಾನೆಟ್ ಎತ್ತಿದರೆ ನಮ್ಮೂರಲ್ಲಿ ಎಂಥ ಮಳೆಯಿದ್ದರೂ ಜನ ಸೇರುತ್ತಾರೆ. ಹಾಲು ಹಾಕಲು ಹೊರಟವರು ಬ್ಯಾಟರಿ ಅಂದರು. ಪಕ್ಕದ ಮನೆ ಚಿಕ್ಕಪ್ಪಯ್ಯ ಡೈನಮೋ ಅಂದರು. ಇನ್ನೊಬ್ಬರು ಇಲಿ ಬಾರದ ಹಾಗೆ ಹೊಗೆಸೊಪ್ಪು ಇಡಿ ಅಂದರು. ಅತ್ತೆ ಮಾತ್ರ ಏನೂ ಹೇಳದೆ ಬ್ಯಾಟರಿ ಟರ್ಮಿನಲ್ಲಿಗೆ ಹಚ್ಚಲು ವ್ಯಾಸಲೀನ್ ಡಬ್ಬಿ ತಂದು ಕೊಟ್ಟರು. ಅಲ್ಲಿದ್ದವರಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ.

ನಾನು ಹೊಸದಾಗಿ ತಂದ ಡಿಜಿಟಲ್ ಮಲ್ಟಿಮೀಟರ್ ಹೊರಗೆ ತೆಗೆದೆ. ಹೆಡ್‌ಲೈಟಿನ ಬಲ್ಬು ಕಳಚಿ ಹೋಲ್ಡರಿಗೆ ಮುಟ್ಟಿಸಿದರೆ 12.4 ವೋಲ್ಟ್. ಬಲ್ಬು ಹಾಕಿದರೆ ದೀಪಾವಳಿಯ ಹಣತೆಯಷ್ಟೂ ಬೆಳಕಿಲ್ಲ. ತೀರ್ಥಹಳ್ಳಿಯಿಂದ ಬಂದ ವೈರಿಂಗ್ ಭಾಯಿ ನನ್ನ ಮೀಟರನ್ನು ಮರ್ಯಾದೆಯಿಂದ ಪಕ್ಕಕ್ಕಿಟ್ಟರು. ಜೇಬಿನಿಂದ ಒಂದು ಇಂಡಿಕೇಟರ್ ಬಲ್ಬು ತೆಗೆದರು. ಅದಕ್ಕೆ ಎರಡು ವೈರು ಬೆಸುಗೆ ಹಾಕಿತ್ತು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ದಬ್ಬಣ.

"ಸಾಲ ಕೇಳೋ ತನಕ ಎಲ್ರೂ ನೆಂಟ್ರೇ ಸಾರ್" ಅಂದರು. "ನಿಮ್ಮ ಮೀಟರ್ ಸಾಲ ಕೇಳಲ್ಲ. ಬಲ್ಬು ಕೇಳುತ್ತೆ."

ಮಾತು ನೂರಕ್ಕೆ ನೂರು ನಿಜ. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಮ್ಮಿ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. 45 ವಾಟಿನ ಹೆಡ್‌ಲೈಟಿಗೆ ಹತ್ತಿರ ಹತ್ತಿರ 4 ಆಂಪಿಯರ್ ಬೇಕು. ಜಾಯಿಂಟಿನಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ಖರ್ಚು, ಬೆಳಕಿನಲ್ಲಿ ಮೂರನೇ ಒಂದು ಪಾಲು ಖೋತಾ. ಆಗುಂಬೆ ಸುತ್ತ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಇಲ್ಲಿ ತಾಮ್ರ ಹಸಿರಾಗುವುದಕ್ಕೆ, ತಗಡು ಕೆಂಪಾಗುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಭಾಯಿ ಡಿಕ್ಕಿ ತೆಗೆದು, ಬಲಗಡೆ ದೀಪದ ಹಿಂದೆ ಕೈ ಹಾಕಿ ಒಂದು ಸ್ಕ್ರೂ ತಿರುಗಿಸಿದರು. ಅದು ಪುಡಿಪುಡಿಯಾಗಿ ಕೈಗೇ ಬಂತು. ಅರ್ತಿಂಗ್ ಸ್ಕ್ರೂ, ಅಂದರೆ ಬಲ್ಬಿಗೆ ಬಂದ ಕರೆಂಟು ಕಾರಿನ ತಗಡು ಹಿಡಿದು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಹಿಂದಿನ ಬಲ್ಬಿನಲ್ಲಿ ಬ್ರೇಕಿಗೊಂದು, ರಾತ್ರಿ ದೀಪಕ್ಕೊಂದು ಅಂತ ಎರಡು ಫಿಲಮೆಂಟ್, ಅರ್ತಿಂಗ್ ಮಾತ್ರ ಎರಡಕ್ಕೂ ಒಂದೇ. ಅದು ಕೈಕೊಟ್ಟರೆ ಬ್ರೇಕಿನ ಕರೆಂಟು ಪಕ್ಕದ ಫಿಲಮೆಂಟಿನಲ್ಲಿ ಉಲ್ಟಾ ನುಗ್ಗಿ, ರಾತ್ರಿ ದೀಪಗಳ ವೈರು ಹಿಡಿದು ಮೀಟರ್ ಬೋರ್ಡಿನ ತನಕ ಹೋಗಿ ತಗಡು ಸೇರುತ್ತದೆ. ತುಕ್ಕು ಉಜ್ಜಿ ಹೊಸ ಸ್ಕ್ರೂ ಹಾಕಿದ ಕೂಡಲೇ ಬ್ರೇಕ್ ದೀಪ ಕೆಂಪಗೆ ಹತ್ತಿತು. ಹೆಡ್‌ಲೈಟಿನ ರೋಗವೂ ಅದೇ, ಮದ್ದೂ ಅದೇ. ಹಾರ್ನಿಗೆ ಆಗಿದ್ದು ಇದರ ತದ್ವಿರುದ್ಧ. ಗುಂಡಿ ಒತ್ತಿದಾಗ ಮಾತ್ರ ಅದಕ್ಕೆ ಅರ್ತಿಂಗ್ ಸಿಗಬೇಕು. ಸ್ಟೀರಿಂಗ್ ಕಂಬದೊಳಗಿನ ವೈರು ಸವೆದು ತಗಡಿಗೆ ತಾಗಿ, ಬೇಡದ ಕಡೆ ಅರ್ತಿಂಗ್ ಸಿಗುತ್ತಿತ್ತು. ಒಂದು ಸ್ಲೀವ್ ತೊಡಿಸಿದ್ದಕ್ಕೆ ಸುಮ್ಮನಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಮನೆ ನೆಮ್ಮದಿಯಾಗಿರುತ್ತಿತ್ತು. ಭಾಯಿ "ಫ್ಯೂಸ್ ಬಾಕ್ಸೂ ನೋಡ್ಬಿಡೋಣ" ಅಂದರು. ಇದರ ಫ್ಯೂಸುಗಳು ಪಿಂಗಾಣಿ ತುಂಡುಗಳು. ಬಿಳಿಯದು 8 ಆಂಪಿಯರಿನದು, ಮೇಲೆ ಉದ್ದಕ್ಕೆ ತೆಳ್ಳನೆ ಲೋಹದ ಪಟ್ಟಿ. ಸಾಲಿನಲ್ಲಿ ಒಂದು ಮಾತ್ರ ಪಳಪಳ ಹೊಳೆಯುತ್ತಿತ್ತು. ಭಾಯಿ ಉಗುರಿನಿಂದ ಕೆರೆದು, ಸುತ್ತಿದ್ದನ್ನು ಬಿಚ್ಚಿ ಅಂಗೈ ಮೇಲೆ ಹರಡಿದರು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ.

"ಇದು ಸುಟ್ಟು ಹೋಗಲ್ಲ ಸಾರ್, ವೈರನ್ನೇ ಸುಡುತ್ತೆ. ಗಾಡಿ ಉಳಿದಿದ್ದೇ ಪುಣ್ಯ" ಅಂದರು.

ಅತ್ತೆ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದರು. ನಮ್ಮ ಮಾವ ಜನ್ಮದಲ್ಲಿ ಸಿಗರೇಟ್ ಮುಟ್ಟಿದವರಲ್ಲ ಅನ್ನುವುದು ಆ ಮನೆಯಲ್ಲಿ ದೇವರ ಕೋಣೆಯಷ್ಟೇ ಹಳೆಯ ನಂಬಿಕೆ.

"ಹಿಂದಿನ ಓನರ್ ಹಾಕಿರ್ಬೇಕು" ಅಂದರು ಮಾವ.

"ಹಿಂದಿನ ಓನರ್ರಾ? ಬುಕ್ ಮಾಡಿ ವರ್ಷಗಟ್ಟಲೆ ಕಾದು ಹೊಸಾದೇ ತಂದಿದ್ದಲ್ವಾ? ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದು ನಾನೇ."

"ಹಾಗಾದ್ರೆ ಡ್ರೈವರ್ ಇರ್ಬೇಕು."

"ನಾವು ಯಾವಾಗ ಡ್ರೈವರ್ ಇಟ್ಟಿದ್ವಿ?"

ಮಾವ ಗಡಿಯಾರ ನೋಡಿಕೊಂಡರು. ಕೊಳೆ ಔಷಧಿ ಹೊಡೆಯುವವರು ತೋಟಕ್ಕೆ ಬರುತ್ತೇನೆ ಅಂದಿದ್ದರಂತೆ, ನೋಡಿ ಬರುತ್ತೇನೆ ಅಂತ ಛತ್ರಿ ಬಿಚ್ಚಿದರು. ಮಳೆ ಧೋ ಅಂತ ಸುರಿಯುತ್ತಿತ್ತು. ಆ ಮಳೆಯಲ್ಲಿ ಯಾವ ಅಡಿಕೆ ಕೊನೆಯ ಮೇಲೂ ಔಷಧಿ ನಿಲ್ಲುವುದಿಲ್ಲ. ಆದರೂ ಹೋದರು.

ಭಾಯಿ ಕಾಗದವನ್ನು ಉಂಡೆ ಮಾಡಿ ಎಸೆಯಲು ಕೈ ಎತ್ತಿದರು.

"ಬಿಸಾಡ್ಬೇಡಿ" ಅಂದರು ಅತ್ತೆ. "ಅದು ಇಲ್ಲಿ ಕೊಡಿ."